ಶಿವರಾಂಪೇಟೆಯ ಟೈಲರ್ ಅಕ್ಕ ಹೊಲಿದುಕೊಟ್ಟ ಪೆನಾಲ್ಟಿ ಫ್ಲಾಗ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ. ಮೈಸೂರು, ಮಂಡ್ಯ ಕಡೆ ಯಾರಾದರೂ ಫ್ಲಾಗ್ ಫುಟ್‌ಬಾಲ್ ಆಡಿಸುತ್ತಿದ್ದರೆ, ಫೌಲ್ ಆದಾಗ ರೆಫರಿ ಎಸೆಯುವ ಹಳದಿ ಫ್ಲಾಗ್ ಬೇಕಿದ್ದರೆ, ಆನ್‌ಲೈನ್‌ನಲ್ಲಿ ಹುಡುಕೋದು ಬಿಡಿ. ಮೈಸೂರಿನ ಶಿವರಾಂಪೇಟೆಯ ಒಂದು ಅಡ್ಡರಸ್ತೆಯಲ್ಲಿ ಬ್ಲೌಸ್ ಹೊಲಿಯುವ ಅಕ್ಕ ಒಬ್ಬರಿದ್ದಾರೆ. ಅವರು ಹೊಲಿದುಕೊಟ್ಟಿರುವುದು ನಾನು ಇಲ್ಲಿಯವರೆಗೆ ಕೈಯಲ್ಲಿ ಹಿಡಿದ ಎಲ್ಲ ಫ್ಲಾಗ್‌ಗಳಿಗಿಂತ ಚೆನ್ನಾಗಿದೆ. ಒಂದಕ್ಕೆ 70 ರೂಪಾಯಿ, ಬಟ್ಟೆಯೂ ಅವರದೇ. ಅಷ್ಟು ದೂರ ಹೋಗೋಕೆ ಆಗದಿದ್ದರೆ ನಿಮ್ಮ ಬೀದಿಯ ಟೈಲರ್ ಹತ್ತಿರವೂ ಹೊಲಿಸಬಹುದು, ಏನು ಹೇಳಿ ಹೊಲಿಸಬೇಕು ಅನ್ನೋದನ್ನೂ ಕೆಳಗೆ ಬರೆದಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸಭೆ ನಡೆಯಿತಲ್ಲ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಸೇರಿಸಿದ ಸಭೆ, ಅದೇ ಪಟ್ಟಿಯಲ್ಲಿ ಫ್ಲಾಗ್ ಫುಟ್‌ಬಾಲ್ ಕೂಡ ಇತ್ತು. ಇದು ಅಮೆರಿಕನ್ ಫುಟ್‌ಬಾಲ್‌ನದೇ ಇನ್ನೊಂದು ರೂಪ. ಹೆಲ್ಮೆಟ್ ಇಲ್ಲ, ಮೈಮೇಲೆ ಬಿದ್ದು ಕೆಡವೋದು ಇಲ್ಲ, ತಂಡಕ್ಕೆ ಐದೈದು ಜನ. ಚೆಂಡು ಹಿಡಿದು ಓಡುವವರ ಸೊಂಟದ ಬೆಲ್ಟಿನಲ್ಲಿ ತೂಗುವ ಪಟ್ಟಿ ಕಿತ್ತರೆ ಅವರ ಓಟ ಅಲ್ಲಿಗೆ ಮುಗಿಯಿತು. ನಾವು ಮಾನಸಗಂಗೋತ್ರಿ ಹತ್ತಿರ ಭಾನುವಾರ ಬೆಳಿಗ್ಗೆ ಕಾಲೇಜು ಹುಡುಗ ಹುಡುಗಿಯರನ್ನು ಸೇರಿಸಿ ಆಡಿಸುತ್ತೇವೆ. ಮಂಡ್ಯದಿಂದಲೂ ಒಂದು ಗುಂಪು ಬೆಳಗಿನ ರೈಲು ಹತ್ತಿ ಬರುತ್ತದೆ. ನನ್ನದು ರೆಫರಿ ಕೆಲಸ, ಆ ಕೆಲಸವೇ ನನಗೆ ಇಷ್ಟ.

ಈ ಆಟದಲ್ಲಿ ಫೌಲ್ ಕಂಡ ಕೂಡಲೇ ಸೀಟಿ ಊದುವ ಹಾಗಿಲ್ಲ. ಹೊಸ ಹುಡುಗರಿಗೆ ಇದನ್ನು ಅರ್ಥ ಮಾಡಿಸೋದೇ ದೊಡ್ಡ ಕಷ್ಟ. ಕಬಡ್ಡಿ, ವಾಲಿಬಾಲ್ ಆಡಿ ಬಂದವರಿಗೆ ಸೀಟಿ ಕೇಳಿದರೆ ಕಾಲು ತಾನಾಗಿ ನಿಲ್ಲುತ್ತದೆ. ಇಲ್ಲಿ ಹಾಗಲ್ಲ. ಫೌಲ್ ನಡೆದರೂ ಆಟ ಪೂರ್ತಿ ಸಾಗಬೇಕು, ಯಾಕೆಂದರೆ ಯಾರಿಗೆ ಅನ್ಯಾಯ ಆಯಿತೋ ಆ ತಂಡಕ್ಕೆ ಕೊನೆಯಲ್ಲಿ ಆಯ್ಕೆ ಇರುತ್ತದೆ: ಪೆನಾಲ್ಟಿ ತಗೊಳ್ಳುತ್ತೀರಾ, ಇಲ್ಲಾ ಆಟದಲ್ಲಿ ಆದದ್ದನ್ನೇ ಇಟ್ಟುಕೊಳ್ಳುತ್ತೀರಾ? ಕ್ರಿಕೆಟ್‌ನ ನೋಬಾಲ್ ನೆನಪಿಸಿಕೊಳ್ಳಿ. ಅಂಪೈರ್ ಕೂಗುತ್ತಾರೆ, ಕೈ ಚಾಚುತ್ತಾರೆ, ಆದರೆ ಚೆಂಡು ನಡೆದೇ ಇರುತ್ತದೆ, ಬ್ಯಾಟ್ಸ್‌ಮನ್ ಸಿಕ್ಸ್ ಹೊಡೆದರೆ ಆ ಆರು ರನ್ ಅವನದೇ. ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲೂ ಎದುರಾಳಿ ಮೊದಲೇ ಗೆರೆ ದಾಟಿ ಆಫ್‌ಸೈಡ್ ಆದರೆ ಅಂಚಿನಲ್ಲಿ ಫ್ಲಾಗ್ ಬೀಳುತ್ತದೆ. ಅದು ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನ ಕಣ್ಣಿಗೆ ಬಿತ್ತು ಅಂದರೆ ಅವನು ಧೈರ್ಯವಾಗಿ ಚೆಂಡನ್ನು ದೂರಕ್ಕೆ ಎಸೆಯುತ್ತಾನೆ. ಹಿಡಿದರೆ ಲಾಭ, ಎದುರಾಳಿ ಕಿತ್ತುಕೊಂಡರೂ ಚಿಂತೆ ಇಲ್ಲ, 5 ಗಜದ ಪೆನಾಲ್ಟಿ ಹೇಗೂ ಇದೆ. ಕ್ವಾರ್ಟರ್‌ಬ್ಯಾಕ್ ಏರನ್ ರಾಜರ್ಸ್ ಈ ಉಪಾಯದಲ್ಲಿ ಪಳಗಿದ ಕೈ. ಇಷ್ಟೆಲ್ಲ ನಡೆಯಬೇಕಾದರೆ ಫೌಲ್ ಆಗಿದೆ ಅನ್ನೋದು ಎಲ್ಲರಿಗೂ ಕಾಣಬೇಕು, ಆದರೆ ಯಾರೂ ನಿಲ್ಲಬಾರದು. ಬಟ್ಟೆ ತುಂಡೊಂದು ಮಾಡಬೇಕಾದ ಕೆಲಸ ಇದು.

ಮೊದಲು ನಾವು ಆನ್‌ಲೈನ್‌ನಲ್ಲಿ ತರಿಸಿದ್ದೆವು. ಫೋಟೋದಲ್ಲಿ ಕಣ್ಣು ಕುಕ್ಕುವ ಹಳದಿ, ಬಂದದ್ದು ಮಾಸಿದ ನಿಂಬೆ ಬಣ್ಣ. ನಮ್ಮ ಮೈದಾನ ಫೆಬ್ರವರಿ ಹೊತ್ತಿಗೆ ಹುಲ್ಲೆಲ್ಲ ಒಣಗಿ ಕೂತಿರುತ್ತದೆ, ಆ ಒಣಹುಲ್ಲಿನ ಮೇಲೆ ಬಿದ್ದರೆ ಹತ್ತು ಹೆಜ್ಜೆ ದೂರದಿಂದ ಕಾಣುತ್ತಿರಲಿಲ್ಲ. ಬಟ್ಟೆ ಜಾರುವ ನೈಲಾನ್, ಗಾಳಿ ಬಂದರೆ ಎತ್ತಲೋ ಹೋಗುತ್ತಿತ್ತು. ಇವೆರಡನ್ನೂ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಅದರೊಳಗಿನ ತೂಕ. ಗೋಲಿಯಂಥ ಗಟ್ಟಿ ಪ್ಲಾಸ್ಟಿಕ್ ಗುಂಡು. ಒಂದು ಸಲ ಅದು ನೆಲಕ್ಕೆ ಬಡಿದು ಪುಟಿದು ಹುಡುಗನೊಬ್ಬನ ಕಿವಿ ಹತ್ತಿರ ತಾಗಿತು. ಪೆಟ್ಟೇನೂ ಆಗಲಿಲ್ಲ, ಆದರೆ ಅವತ್ತೇ ಅವನ್ನು ಚೀಲಕ್ಕೆ ತುಂಬಿ ಮೂಲೆಗೆ ಹಾಕಿದೆ.

ಇದು ಸುಮ್ನೆ ಹೆದರಿಕೆ ಅಲ್ಲ. 1999ರ ಡಿಸೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಒರ್ಲ್ಯಾಂಡೊ ಬ್ರೌನ್ ಅನ್ನುವ ಆಟಗಾರನ ಬಲಗಣ್ಣಿಗೆ ರೆಫರಿ ಎಸೆದ ಫ್ಲಾಗ್ ಬಡಿಯಿತು. ಹೆಲ್ಮೆಟ್ಟಿನ ಮುಂದಿನ ಸರಳುಗಳ ಸಂದಿಯಲ್ಲಿ ನೇರ ಒಳಗೆ ಹೋಗಿತ್ತು. ಆ ಫ್ಲಾಗಿನೊಳಗೆ ತೂಕಕ್ಕೆ ಅಂತ ಏರ್‌ಗನ್ ಛರ್ರೆಯಂಥ ಲೋಹದ ಕಾಳು ಇದ್ದವು. ಮೂರು ಸೀಸನ್ ಅವನು ಆಡಲೇ ಇಲ್ಲ, ವಾಪಸ್ ಬಂದದ್ದು 2003ರಲ್ಲಿ. ಯಾರೂ ಬೇಕಂತ ಮಾಡಿದ್ದಲ್ಲ. ಒಂದು ಸಣ್ಣ ಫೌಲಿಗೆ ಎಸೆದ ಬಟ್ಟೆ ಒಬ್ಬನ ಕಣ್ಣಿಗೆ ಕುತ್ತು ತಂದಿತು. ಹೆಲ್ಮೆಟ್ ಹಾಕಿದವನಿಗೇ ಹಾಗಾದರೆ ನಮ್ಮ ಹುಡುಗರು ಬರಿತಲೆಯಲ್ಲಿ ಆಡುವವರು, ಅಲ್ವಾ?

ಹಾಗಾಗಿ ಶಿವರಾಂಪೇಟೆಗೆ ಹೋದೆ. ಅಕ್ಕನ ಅಂಗಡಿ ಎರಡು ಮಿಷನ್, ಒಂದು ಇಸ್ತ್ರಿ ಮೇಜು ಹಿಡಿಯುವಷ್ಟು ಜಾಗ. ಗೋಡೆ ತುಂಬಾ ಹೊಲಿದು ಮಡಚಿಟ್ಟ ಬ್ಲೌಸುಗಳು, ಪ್ರತಿಯೊಂದಕ್ಕೂ ಚೀಟಿ. ಹಳೇ ಫ್ಲಾಗ್ ತೋರಿಸಿ ಇಂಥದ್ದು ಬೇಕಕ್ಕ ಅಂದೆ. ಕೈಯಲ್ಲಿ ಹಿಡಿದು ತೂಗಿ ನೋಡಿದರು. "ಇದನ್ನ ಎತ್ತಿ ಬಿಸಾಡೋದು ಅಂತೀಯಾ. ಬಿದ್ದ ಮೇಲೆ ಹರಡಿಕೊಂಡಿರಬೇಕಾ, ಮುದುರಿಕೊಂಡ್ರೂ ನಡೆಯುತ್ತಾ?" ಅಂತ ಕೇಳಿದರು. ನನಗೆ ಆ ಪ್ರಶ್ನೆ ಕೇಳಿಯೇ ಸಮಾಧಾನ ಆಯಿತು. ಕ್ರೀಡಾ ಸಾಮಾನಿನ ಅಂಗಡಿಗಳಲ್ಲಿ ಎಷ್ಟು ಪೀಸ್ ಬೇಕು ಅಂತ ಕೇಳಿದ್ದರೇ ಹೊರತು ಇದನ್ನು ಯಾರೂ ಕೇಳಿರಲಿಲ್ಲ.

ಹರಡಿಕೊಳ್ಳಬೇಕು ಅಂದೆ. ಮುದುರಿ ಬಿದ್ದರೆ ದೂರದವರಿಗೆ ಕಾಣಲ್ಲ. ಗಾಳಿಯಲ್ಲಿ ಹೋಗುವಾಗ ತೂಕ ಮುಂದೆ, ಬಟ್ಟೆ ಬಾಲದ ಹಾಗೆ ಹಿಂದೆ, ಬಿದ್ದ ಮೇಲೆ ಉರುಳಬಾರದು, ಪುಟಿಯಬಾರದು. ಇದಿಷ್ಟನ್ನೂ ಅವರು ಒಂದು ಚೀಟಿಯ ಹಿಂದೆ ಗುರುತು ಹಾಕಿಕೊಂಡರು.

ಬಟ್ಟೆಗೆ ಅವರು ಆರಿಸಿದ್ದು ಟು ಬೈ ಟು ರುಬಿಯಾ, ಬ್ಲೌಸ್‌ಗೆ ಹಾಕುವ ಅದೇ ಬಟ್ಟೆ. ಮ್ಯಾಚಿಂಗ್ ಸೆಂಟರ್‌ಗಳಲ್ಲಿ ಹಳದಿಯಲ್ಲೇ ಹತ್ತಾರು ಛಾಯೆ ಸಿಗುತ್ತವೆ, ಅದು ನಮಗೆ ಎಷ್ಟು ದೊಡ್ಡ ಅನುಕೂಲ ಅನ್ನೋದು ಅಲ್ಲಿವರೆಗೆ ನನಗೆ ಹೊಳೆದಿರಲಿಲ್ಲ. ಒಂದಷ್ಟು ತುಂಡುಗಳನ್ನು ಹೊರಗೆ ರಸ್ತೆಯ ಬಿಸಿಲಿನಲ್ಲಿ ಹಾಸಿ ದೂರ ನಿಂತು ನೋಡಿ ಒಂದನ್ನು ಆರಿಸಿದೆವು. ರಾಜ್ಯೋತ್ಸವಕ್ಕೆ ಕನ್ನಡ ಬಾವುಟ ಹೊಲಿಯೋಕೆ ತಂದ ಹಳದಿ ಬಟ್ಟೆ ಅವರ ಅಂಗಡಿಯಲ್ಲೇ ಉಳಿದಿತ್ತು, ಅದೇ ಆಗುತ್ತಲ್ಲ ಅಕ್ಕ ಅಂತ ಕೇಳಿದ್ದಕ್ಕೆ, "ಬಾವುಟಕ್ಕೆ ತಂದಿದ್ದನ್ನ ನೆಲಕ್ಕೆ ಬಿಸಾಡೋಕೆ ಕೊಡಲ್ಲಪ್ಪ, ಬೇರೆ ತರ್ತೀನಿ" ಅಂದರು. ಸರಿ ಅನ್ನಿಸಿತು. ಅಳತೆ 15 ಇಂಚು ಚೌಕ, ಅಮೆರಿಕದ ಹೈಸ್ಕೂಲ್ ಪಂದ್ಯಗಳಲ್ಲಿ ಬಳಸುವ ಅಳತೆ ಅದು.

ತೂಕದ ಬಗ್ಗೆ ಮಾತು ಉದ್ದ ಹೋಯಿತು. ಮರಳು ಹಾಕಿದರೆ ಹೊಲಿಗೆ ಸಂದಿಯಲ್ಲಿ ಸೋರುತ್ತದೆ. ಹುಣಸೆ ಬೀಜ ಗಟ್ಟಿ, ಮತ್ತೆ ಅದೇ ಅಪಾಯ. ಅಕ್ಕಿ ಆಗಬಹುದಿತ್ತು. ಕೊನೆಗೆ ಅವರೇ ರಾಗಿ ಅಂದರು. ಕಾಳು ಸಣ್ಣದು, ಗುಂಡಗಿದೆ, ಚೀಲದೊಳಗೆ ಒಂದರ ಮೇಲೊಂದು ಜಾರುವುದರಿಂದ ಬಿದ್ದ ಕೂಡಲೇ ಚಪ್ಪಟೆಯಾಗಿ ಕೂತುಬಿಡುತ್ತದೆ. ದಪ್ಪ ಬಟ್ಟೆಯಲ್ಲಿ ಪುಟ್ಟ ಒಳಚೀಲ ಹೊಲಿದು, ಅಂಚಿಗೆ ಎರಡು ಸಲ ಹೊಲಿಗೆ ಹಾಕಿ, ಬಾಯಿಗೆ ಲಾಡಿ ಕೊಟ್ಟರು. ಆ ಒಳಚೀಲವನ್ನು ಫ್ಲಾಗಿನ ನಡುಮಧ್ಯದ ಜೇಬಿಗೆ ತೂರಿಸಿ ಲಾಡಿ ಎಳೆದು ಗಂಟು ಹಾಕಿದರೆ ಮುಗಿಯಿತು. ಒಗೆಯುವಾಗ ರಾಗಿ ಚೀಲ ತೆಗೆದಿಡಬಹುದು. ಆನ್‌ಲೈನ್ ಮಾಲಿನಲ್ಲಿ ಈ ಅನುಕೂಲ ಇಲ್ಲವೇ ಇಲ್ಲ. ಗುಂಡಿ, ಪ್ರೆಸ್ ಬಟನ್ ಒಂದೂ ಇಲ್ಲ, ಗಟ್ಟಿ ವಸ್ತು ಯಾವುದೂ ಬೇಡ ಅಂತ ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದಾರೆ.

ಅವರು ಹೊಲಿಯುತ್ತಿರುವಾಗ ನಾನು ಇರ್ಮಾ ಬೀಡಿ ಅವರ ಕಥೆ ಹೇಳಿದೆ. ಮೊದಲೆಲ್ಲ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಫೌಲ್ ಆದರೆ ಅಧಿಕಾರಿಗಳು ಹಾರ್ನ್ ಊದುತ್ತಿದ್ದರು. ಗದ್ದಲದಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ, ಕೇಳಿಸಿದವರು ಆಟ ನಿಲ್ಲಿಸಿಬಿಡುತ್ತಿದ್ದರು. ಒಹಾಯೊ ರಾಜ್ಯದ ಯಂಗ್ಸ್‌ಟೌನ್ ಕಾಲೇಜಿನ ಕೋಚ್ ಡ್ವೈಟ್ ಬೀಡಿಗೆ ಇದು ಸರಿ ಬರಲಿಲ್ಲ. ಬಟ್ಟೆ ಎಸೆದರೆ ಹೇಗೆ ಅಂತ ಯೋಚನೆ ಮಾಡಿದರು, ಹೊಲಿದುಕೊಟ್ಟವರು ಹೆಂಡತಿ ಇರ್ಮಾ. ಮಗಳ ಹಳೇ ಹ್ಯಾಲೋವೀನ್ ವೇಷದ ಕೆಂಪು ಬಟ್ಟೆ, ತೂಕಕ್ಕೆ ಮೀನು ಹಿಡಿಯುವ ಗಾಳಕ್ಕೆ ಕಟ್ಟುವ ಸೀಸ. 1941ರ ಅಕ್ಟೋಬರ್ 17ರಂದು ಒಕ್ಲಹೋಮ ಸಿಟಿ ತಂಡದ ಜೊತೆ ನಡೆದ ಪಂದ್ಯದಲ್ಲಿ ಅದನ್ನು ಮೊದಲ ಸಲ ಎಸೆದರು. ಎನ್‌ಎಫ್‌ಎಲ್ ಅದನ್ನು ತಗೊಂಡದ್ದು 1948ರಲ್ಲಿ. ಅಲ್ಲಿ ಮೊದಲು ಬಿಳಿ ಬಟ್ಟೆ ಇತ್ತು, 1965ರಲ್ಲಿ ಹಳದಿ ಆಯಿತು. ಅಕ್ಕ ಎಲ್ಲ ಕೇಳಿಸಿಕೊಂಡು, "ಸೀಸ ಹಾಕಿದ್ರಾ? ತಾಗಿದ್ರೆ ಗತಿ ಏನು?" ಅಂದರು. ಐವತ್ತೆಂಟು ವರ್ಷ ಆದಮೇಲೆ ನಿಜವಾಗಿಯೂ ತಾಗಿತು ಅಂತ ಒರ್ಲ್ಯಾಂಡೊ ಬ್ರೌನ್ ವಿಷಯ ಹೇಳಿದೆ. ಅವರು ಮಿಷನ್ ನಿಲ್ಲಿಸಿ ರಾಗಿ ಚೀಲವನ್ನು ತಮ್ಮ ಕೆನ್ನೆಗೆ ಪಟಪಟ ಬಡಿದು ನೋಡಿಕೊಂಡು ಮತ್ತೆ ಹೊಲಿಗೆ ಶುರು ಮಾಡಿದರು.

ಈಗ ಮೈದಾನದಲ್ಲಿ ಹೇಗಿದೆ ಅನ್ನೋದು. ಎಸೆಯುವ ರೀತಿಯಲ್ಲಿ ಎರಡು ಬಗೆ ಇದೆ. ಚೆಂಡು ಹೊರಡುವ ಮೊದಲೇ ಆದ ತಪ್ಪಿಗೆ, ಅಂದರೆ ದಾಳಿಯವರು ಮೊದಲೇ ಅಲುಗಾಡಿದ ಫಾಲ್ಸ್ ಸ್ಟಾರ್ಟ್‌ನಂಥದ್ದಕ್ಕೆ, ಫ್ಲಾಗನ್ನು ಮೇಲಕ್ಕೆ ಚಿಮ್ಮಿಸಿದರೆ ಸಾಕು. ಆಗ ಸೀಟಿಯೂ ಊದಬೇಕು, ಯಾಕೆಂದರೆ ಆಟವೇ ಶುರುವಾಗಿಲ್ಲ. ಫೌಲ್ ನಡೆದ ಜಾಗ ಮುಖ್ಯವಾದಾಗ ಮಾತ್ರ ಆ ಜಾಗಕ್ಕೇ ಎಸೆಯಬೇಕು. ಎನ್‌ಎಫ್‌ಎಲ್‌ನಲ್ಲಿ ಪಾಸ್ ಹಿಡಿಯಲು ಹೋಗುವವನನ್ನು ರಕ್ಷಣೆಯವರು ಅಡ್ಡಗಟ್ಟಿದರೆ ಚೆಂಡನ್ನು ಫೌಲ್ ನಡೆದ ಜಾಗದಲ್ಲೇ ಇಟ್ಟು ಮುಂದಿನ ಆಟ ಶುರು ಮಾಡುತ್ತಾರೆ. ಅದು 40 ಗಜ ದೂರ ಇದ್ದರೆ ಒಂದೇ ಏಟಿಗೆ 40 ಗಜ. ಕಾಲೇಜು ಆಟದಲ್ಲಿ ಅದಕ್ಕೆ 15 ಗಜದ ಮಿತಿ ಇದೆ. ಒಂದು ಗಜ ಆಚೀಚೆ ಆದರೂ ಜಗಳ ಶುರು. ಎನ್‌ಎಫ್‌ಎಲ್‌ನಲ್ಲಿ ಏಳು ಜನ ಅಧಿಕಾರಿಗಳು ಮೈದಾನದಲ್ಲಿರುತ್ತಾರೆ, ಒಬ್ಬರು ಓಡಿದರೆ ಇನ್ನೊಬ್ಬರು ಜಾಗ ನೋಡಿಕೊಳ್ಳುತ್ತಾರೆ. ನಮ್ಮಲ್ಲಿ ಇರೋದೇ ಇಬ್ಬರು. ನಾನು ಚೆಂಡಿನ ಹಿಂದೆ ಓಡಿದರೆ ಆ ಜಾಗ ಕಾಯುವುದು ನೆಲದ ಮೇಲಿನ ಫ್ಲಾಗ್ ಒಂದೇ. ಅದು ಉರುಳಿದರೆ ನನ್ನ ತೀರ್ಪೂ ಉರುಳಿದ ಹಾಗೆ.

ಮಂಡ್ಯದವರು ಬಂದಿದ್ದ ಒಂದು ಪಂದ್ಯದಲ್ಲಿ ಇದು ಸರಿಯಾಗಿ ಪರೀಕ್ಷೆಗೆ ಬಂತು. ಅವರ ಹುಡುಗಿ ಮೂಲೆಯ ಕಡೆ ಓಡಿ ಕೈ ಎತ್ತಿದ್ದಳು, ನಮ್ಮ ಹುಡುಗ ಚೆಂಡು ಬರೋ ಮೊದಲೇ ಅವಳ ಮೊಣಕೈ ಹಿಡಿದು ಕೆಳಕ್ಕೆ ಎಳೆದ. ನಾನು ಓಡುತ್ತಲೇ ಎಸೆದೆ. ಚೆಂಡು ಬೇರೆಯವರ ಕೈಗೆ ತಾಗಿ ಹಾರಿ ಇನ್ನೊಬ್ಬರ ಪಾಲಾಗಿ, ಅವರು ಆ ತುದಿಯಿಂದ ಈ ತುದಿಗೆ ಓಡಿ, ಪಟ್ಟಿ ಕೀಳಿಸಿಕೊಂಡು, ಎಲ್ಲ ಮುಗಿದು, ಎರಡೂ ಕಡೆಯವರು ಏದುಸಿರು ಬಿಡುತ್ತಾ ನನ್ನ ಸುತ್ತ ಸೇರಿದರು. ಯಾರೂ ಜಾಗದ ಬಗ್ಗೆ ಚಕಾರ ಎತ್ತಲಿಲ್ಲ. ಎತ್ತುವ ಹಾಗೇ ಇರಲಿಲ್ಲ. ಫ್ಲಾಗ್ ಬಿದ್ದಲ್ಲೇ ಹರಡಿ ಕೂತಿತ್ತು, ಆ ಒಣ ಹುಲ್ಲಿನ ಮೇಲೂ ಎದ್ದು ಕಾಣುತ್ತಿತ್ತು. ಎಳೆದ ಹುಡುಗನೇ ಹೋಗಿ ಎತ್ತಿ ತಂದುಕೊಟ್ಟ.

ಸೊಂಟದಿಂದ ಎಳೆಯುವಾಗ ಎಷ್ಟು ಸಲೀಸಾಗಿ ಬರುತ್ತದೆ ಅನ್ನೋದೂ ಮುಖ್ಯ. ಬಾಲವನ್ನು ಪ್ಯಾಂಟಿನೊಳಗೆ ಸಿಕ್ಕಿಸಿ ರಾಗಿ ಗುಂಡು ಹೊರಗೆ ಕಾಣೋ ಹಾಗೆ ಇಟ್ಟುಕೊಳ್ಳಬೇಕು, ಕೈ ಹಾಕಿದರೆ ಗುಂಡೇ ಸಿಗಬೇಕು. ರುಬಿಯಾ ಮೆತ್ತಗಿದೆ, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಹಳೆಯದು ಒಂದೊಂದು ಸಲ ಜಿಪ್ಪಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು, ಫೌಲ್ ನಡೆದು ಎರಡು ಸೆಕೆಂಡ್ ಆದಮೇಲೆ ಫ್ಲಾಗ್ ಹೊರಬಂದರೆ ಆಟಗಾರರಿಗೆ ಅನುಮಾನ ಬರೋದು ಸಹಜ. ತಡವಾಗಿ ಬಂದ ಫ್ಲಾಗನ್ನು ಯಾರೂ ನಂಬಲ್ಲ.

ಬಾರದೇ ಹೋದ ಫ್ಲಾಗಿನ ಕಥೆ ಇನ್ನೂ ಕಹಿ. 2019ರ ಜನವರಿ 20, ನ್ಯೂ ಆರ್ಲಿಯನ್ಸ್ ಸೇಂಟ್ಸ್ ಮತ್ತು ಲಾಸ್ ಏಂಜಲೀಸ್ ರ‍್ಯಾಮ್ಸ್, ಗೆದ್ದವರು ಸೂಪರ್ ಬೌಲ್‌ಗೆ, ಅಂದರೆ ಎನ್‌ಎಫ್‌ಎಲ್ ಫೈನಲ್‌ಗೆ. ಕೊನೇ ನಿಮಿಷಗಳಲ್ಲಿ ಸೇಂಟ್ಸ್‌ನ ಟಾಮಿಲೀ ಲೂಯಿಸ್ ಕಡೆಗೆ ಚೆಂಡು ಬರುತ್ತಿತ್ತು, ಅದು ಕೈ ಸೇರುವ ಮೊದಲೇ ರ‍್ಯಾಮ್ಸ್‌ನ ನಿಕೆಲ್ ರೋಬಿ ಕೋಲ್ಮನ್ ಬಂದು ಗುದ್ದಿದ. ನೋಡಿದ ಮಕ್ಕಳಿಗೂ ಗೊತ್ತಾಗುವಂಥ ಫೌಲ್. ಫ್ಲಾಗ್ ಬೀಳಲೇ ಇಲ್ಲ. ರ‍್ಯಾಮ್ಸ್ ಹೆಚ್ಚುವರಿ ಸಮಯದಲ್ಲಿ 26-23ಕ್ಕೆ ಗೆದ್ದಿತು. ಗಲಾಟೆ ಎಷ್ಟಾಯಿತು ಅಂದರೆ ಮುಂದಿನ ಸೀಸನ್‌ನಲ್ಲಿ ಪಾಸ್ ಇಂಟರ್‌ಫಿಯರೆನ್ಸ್ (ಪಾಸ್ ಹಿಡಿಯುವವನನ್ನು ಅಡ್ಡಗಟ್ಟುವ ಫೌಲ್) ತೀರ್ಪನ್ನೂ ರಿಪ್ಲೇ ನೋಡಿ ಬದಲಿಸಬಹುದು ಅಂತ ನಿಯಮ ತಂದರು, ಒಂದೇ ವರ್ಷಕ್ಕೆ ಅದನ್ನು ಕೈಬಿಟ್ಟರು. ಇದಕ್ಕೆ ಎದುರು ಉದಾಹರಣೆ 2023ರ ಸೂಪರ್ ಬೌಲ್. ಎರಡು ನಿಮಿಷಕ್ಕಿಂತ ಕಡಿಮೆ ಉಳಿದಿದೆ, ಸಮ ಸಮ, ಈಗಲ್ಸ್‌ನ ಜೇಮ್ಸ್ ಬ್ರ್ಯಾಡ್‌ಬೆರಿ ಎದುರಾಳಿ ಚೀಫ್ಸ್ ಆಟಗಾರನ ಜೆರ್ಸಿ ಹಿಡಿದ, ಫ್ಲಾಗ್ ಬಿತ್ತು. 5 ಗಜ, ಜೊತೆಗೆ ತಾನಾಗಿ ಬರುವ ಫಸ್ಟ್ ಡೌನ್, ಅಂದರೆ ದಾಳಿಯವರಿಗೆ ಅವಕಾಶಗಳ ಎಣಿಕೆ ಮತ್ತೆ ಮೊದಲಿನಿಂದ. ಚೀಫ್ಸ್ 38-35ಕ್ಕೆ ಗೆದ್ದಿತು. ಇಷ್ಟು ಸಣ್ಣದಕ್ಕೆ ಫ್ಲಾಗ್ ಬೇಕಿತ್ತಾ ಅಂತ ಜನ ರೇಗಿದರು. ಹಿಡಿದದ್ದು ಹೌದು ಅಂತ ಬ್ರ್ಯಾಡ್‌ಬೆರಿಯೇ ಪಂದ್ಯದ ನಂತರ ಒಪ್ಪಿಕೊಂಡ. ನನ್ನ ಮಟ್ಟಿಗೆ ಆ ತೀರ್ಪು ಸರಿ. ಮೊದಲ ನಿಮಿಷದಲ್ಲಿ ಫೌಲ್ ಆದದ್ದು ಕೊನೇ ನಿಮಿಷದಲ್ಲೂ ಫೌಲೇ.

ನಮ್ಮ ಊರಿನ ಜಾವಗಲ್ ಶ್ರೀನಾಥ್ 2006ರಿಂದ ಐಸಿಸಿ ಮ್ಯಾಚ್ ರೆಫರಿ. ಅವರ ಬೌಲಿಂಗ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಈ ಕೆಲಸದ ಬಗ್ಗೆ ಅಷ್ಟು ಮಾತಿಲ್ಲ. ಮೈದಾನಕ್ಕೆ ಬರುವ ಹುಡುಗರಲ್ಲಿ ಒಬ್ಬಿಬ್ಬರಿಗಾದರೂ ರೆಫರಿ ಆಗಬೇಕು ಅನ್ನಿಸಲಿ ಅಂತ ನನಗೆ ಆಸೆ. ಸರಿಯಾದ ಸಾಮಾನು ಕೈಯಲ್ಲಿದ್ದರೆ ಆ ಆಸೆ ಬೇಗ ಹುಟ್ಟುತ್ತದೆ. ಹೊಸ ಫ್ಲಾಗ್ ಬಂದಮೇಲೆ ಇಬ್ಬರು ಹುಡುಗಿಯರು ಸಂಜ್ಞೆ ಕಲಿಯುತ್ತಿದ್ದಾರೆ: ಸೊಂಟದ ಮೇಲೆ ಎರಡೂ ಕೈ ಇಟ್ಟರೆ ಆಫ್‌ಸೈಡ್, ಮಣಿಕಟ್ಟು ಹಿಡಿದು ತೋರಿಸಿದರೆ ಹೋಲ್ಡಿಂಗ್ (ಎದುರಾಳಿಯನ್ನು ಹಿಡಿದುಕೊಂಡದ್ದು), ಎದೆಯ ಮುಂದೆ ಮುಂಗೈ ಸುತ್ತಿಸಿದರೆ ಫಾಲ್ಸ್ ಸ್ಟಾರ್ಟ್.

ಕೊರತೆಗಳೂ ಇವೆ. ಒಂದು, ಮಳೆ. ರಾಗಿ ಒದ್ದೆಯಾದರೆ ಮುಗ್ಗಲು ವಾಸನೆ ಬರುತ್ತದೆ, ಆಟ ಮುಗಿದ ಮೇಲೆ ಚೀಲ ಬಿಚ್ಚಿ ಒಣಗಿಸಲೇಬೇಕು, ಜೂನ್ ಜುಲೈನಲ್ಲಿ ಇದು ಕಿರಿಕಿರಿ. ಎರಡು, ರುಬಿಯಾ ಹತ್ತಿ ಬಟ್ಟೆ, ಮೊದಲ ಒಗೆತಕ್ಕೆ ಬಣ್ಣ ಬಿಡುತ್ತದೆ. ಬೇರೆ ಬಟ್ಟೆ ಜೊತೆ ನೆನೆಹಾಕಬೇಡಿ, ನೆರಳಲ್ಲಿ ಒಣಗಿಸಿ. ಎರಡನೇ ಸಲ ಹೊಲಿಸಿದಾಗ ಅದೇ ಛಾಯೆ ಸಿಗದೆ ಸ್ವಲ್ಪ ಗಾಢ ಬಂತು, ಎರಡನ್ನೂ ಪಕ್ಕದಲ್ಲಿಟ್ಟರೆ ಗೊತ್ತಾಗುತ್ತದೆ, ಆಟಕ್ಕೇನೂ ತೊಂದರೆ ಇಲ್ಲ. ಮೂರನೆಯದು ಸಮಯ. ದಸರಾ ಮುಂಚೆ ಹೋದರೆ ಕೆಲಸ ಆಗಲ್ಲ. ಆಗ ಬ್ಲೌಸುಗಳ ರಾಶಿ, ಅದು ಮುಗಿಯೋ ಹೊತ್ತಿಗೆ ರಾಜ್ಯೋತ್ಸವದ ಬಾವುಟ. ನವೆಂಬರ್ ಎರಡನೇ ವಾರದ ನಂತರ ಹೋಗಿ, ಮೂರ್ನಾಲ್ಕು ದಿನದಲ್ಲಿ ಕೊಡುತ್ತಾರೆ. ಕಾಲೇಜು, ಕ್ಲಬ್ ಲೆಕ್ಕಕ್ಕೆ ಬಿಲ್ ಬೇಕಿದ್ದರೆ ಮೊದಲೇ ಹೇಳಬೇಕು, ಕೈಬರಹದ ರಸೀದಿ ಬರೆದುಕೊಡುತ್ತಾರೆ.

ಬೇರೆ ಟೈಲರ್ ಹತ್ತಿರ ಹೊಲಿಸುವವರು ಹೀಗೆ ಹೇಳಿ: 15 ಇಂಚು ಚೌಕದ ಹಳದಿ ರುಬಿಯಾ, ಸುತ್ತಲೂ ಅಂಚು ಮಡಚಿ ಹೊಲಿಗೆ, ನಡುವೆ ಸಣ್ಣ ಜೇಬು, ಅದರೊಳಗೆ ಲಾಡಿ ಇರುವ ಒಳಚೀಲ, ಎರಡು ಮೂರು ಚಮಚ ರಾಗಿ. ಚೀಲ ಬಿಗಿಯಾಗಿ ತುಂಬಬೇಡಿ, ಸಡಿಲ ಇದ್ದರೇ ಪುಟಿಯೋದಿಲ್ಲ. ಬಟ್ಟೆಯನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಆರಿಸಬೇಡಿ, ಹೊರಗೆ ತಂದು ನೋಡಿ. ಒಬ್ಬ ರೆಫರಿಗೆ ಎರಡಾದರೂ ಬೇಕು, ಒಂದೇ ಆಟದಲ್ಲಿ ಎರಡು ಫೌಲ್ ಆಗೋದು ಅಪರೂಪವೇನಲ್ಲ.

ಇದರ ಜೊತೆಗೇ ನೀಲಿ ಬಟ್ಟೆಯ ಬೀನ್ ಬ್ಯಾಗ್ ಕೂಡ ಹೊಲಿಸಿದೆ. ಅಂಗೈಯಗಲದ ಚೀಲ, ಅದರಲ್ಲೂ ರಾಗಿಯೇ. ಫೌಲ್ ಅಲ್ಲದ ಜಾಗ ಗುರುತಿಸಲು ಅದನ್ನು ಹಾಕುತ್ತಾರೆ, ಉದಾಹರಣೆಗೆ ಚೆಂಡು ಕೈಜಾರಿ ಬಿದ್ದ ಜಾಗ. ಅದು 40 ರೂಪಾಯಿ, ಚೆನ್ನಾಗಿದೆ, ಅದರ ಬಗ್ಗೆ ಹೇಳೋದು ಇನ್ನೇನೂ ಇಲ್ಲ. ಆಟಗಾರರ ಸೊಂಟದ ಬೆಲ್ಟ್ ಮತ್ತು ಪಟ್ಟಿ ಆಗುತ್ತಾ ಅಂತಲೂ ಕೇಳಿದ್ದೇನೆ. ಒಂದು ಮಾದರಿ ಬಿಟ್ಟುಹೋಗು, ಬಿಚ್ಚಿ ನೋಡಿ ಹೇಳ್ತೀನಿ ಅಂದಿದ್ದಾರೆ. ಅದು ಆದರೆ ಅದರ ವಿಷಯ ಬೇರೆಯೇ ಬರೆಯುತ್ತೇನೆ.